ಬಿಸಿನೀರು ತಲೆಗೆ ಹುಯ್ದ್ರೆ ಮಗ ಹಾಗೇ ಕಲ್ಲಾಗ್ತಾನೆ, ಇದು ಯಾರಿಗಾದ್ರೂ ಗೊತ್ತಾ?

ಕಾಫಿಹೂ_ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ.

ಮಗನಿಗೆ 11 ವರ್ಷ. ನಮ್ಮನೇಲಿ ಭಾನುವಾರ ಎಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡ್ಸೋದು ಅತ್ತೆ ಕೆಲಸ. ಮಳೆಗಾಲದಲ್ಲಂತೂ ಬೆಳಿಗ್ಗೆ ಐದಕ್ಕೇ ಹಂಡೆ ಒಲೆಗೆ ಕಟ್ಟಿಗೆ ತುಂಬಿರ್ತಾರೆ, ಬಚ್ಚಲಲ್ಲಿ ಹೊಗೆ ಯಾವ್ದು ಹಬೆ ಯಾವ್ದು ಗೊತ್ತಾಗಲ್ಲ. ಅವ್ನನ್ನ ಮಣೆ ಮೇಲೆ ಕೂರಿಸಿ ಚೊಂಬಲ್ಲಿ ಒಂದರ ಹಿಂದೆ ಒಂದು ಹುಯ್ತಾರೆ, ಉಸಿರು ತಗೊಳ್ಳೋಕೂ ಬಿಡಲ್ಲ. ಹೋದ ಆಷಾಢದಲ್ಲಿ ಒಂದಿನ ಹಿಂಗೇ ಹುಯ್ತಾ ಇದ್ದಾಗ ನಾಲ್ಕೈದು ಚೊಂಬಿಗೆ ಅವ್ನು ಗೋಡೆ ನೋಡ್ತಾ ಕೂತ್ಬಿಟ್ಟ. ಕರೆದ್ರೆ ಓ ಅನ್ನಲ್ಲ, ಬಾಯಿ ಏನೋ ಚಪ್ಪರಿಸ್ತಾ ಇದೆ, ಬಲಗೈ ಬೆರಳು ಸೋಪಿನ ಡಬ್ಬಿ ಮುಚ್ಚಳನ ಉಜ್ತಾ ಇದೆ. ಒಂದು ನಿಮಿಷ ಇರ್ಬೋದು. ಆಮೇಲೆ "ಅಜ್ಜಿ ಸೀಗೆಪುಡಿ ಹಾಕಲ್ವಾ" ಅಂತ ಕೇಳ್ದ. ಸೀಗೆಪುಡಿ ಹಾಕಿ ತೊಳೆದೂ ಆಗಿತ್ತು.

ಅತ್ತೆ ಮೊದ್ಲು ತಮಾಷೆ ಅಂದ್ಕೊಂಡ್ರು. ಆಮೇಲೆ ಮೂರು ನಾಲ್ಕು ಸಲ ಆಯ್ತು. ಹೋದ ತಿಂಗಳು ಕೈಕಾಲು ಸೆಟೆದು ಬಿದ್ದೇ ಬಿಟ್ಟ, ಗದ್ದಕ್ಕೆ ಎರಡು ಹೊಲಿಗೆ. ಓಡ್ಬಂದ ಪಕ್ಕದ ಮನೆಯವ್ರು ಕೈಗೆ ಕತ್ತಿ ಹಿಡಿಸಿದ್ರು, ಕಬ್ಬಿಣ ಕೊಟ್ರೆ ನಿಲ್ಲುತ್ತೆ ಅಂತ. ಒಂದು ಕಡೆ ತೋರಿಸಿದ್ವಿ, ಇಇಜಿ (ತಲೆಗೆ ವೈರ್ ಅಂಟಿಸಿ ಮೆದುಳಿನ ಕರೆಂಟ್ ನೋಡೋ ಪರೀಕ್ಷೆ) ಮಾಡಿ ನಾರ್ಮಲ್ ಇದೆ, ಸ್ಕೂಲಿಗೆ ಹೋಗೋಕೆ ಮನಸ್ಸಿಲ್ಲದೆ ಹಿಂಗೆ ಮಾಡ್ತಾನೆ ಅಂದ್ಬಿಟ್ರು. ಭಾನುವಾರ ಯಾವ ಸ್ಕೂಲು ಹೇಳಿ! ಊರಲ್ಲಿ ಗಾಳಿ ಸೋಕಿದೆ ಅಂತಾರೆ, ನಮ್ಮನೆಯವರ ಚಿಕ್ಕಪ್ಪ ಹಂದಿ ಮಾಂಸದ ಹುಳ ತಲೆಗೆ ಏರಿದೆ ಅಂತಾರೆ. ಬಚ್ಚಲು ಬಿಟ್ಟು ಬೇರೆಲ್ಲೂ ಒಂದು ಸಲನೂ ಆಗಿಲ್ಲ. ಇದು ಫಿಟ್ಸಾ? ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಮಳೆಹುಚ್ಚ_ಭಾಗಮಂಡಲ

ಅಕ್ಕ ಚಿಕ್ಕಪ್ಪ ಹೇಳಿದ್ದು ಸರಿ ಇರ್ಬೋದು, ಪಂದಿ ಕರಿ (ಹಂದಿ ಸಾರು) ಮೊದ್ಲು ನಿಲ್ಲಿಸಿ. ನನ್ ಫ್ರೆಂಡ್ ಒಬ್ನಿಗೆ ಸ್ಕ್ಯಾನಲ್ಲಿ ಹುಳ ಅಂತಾನೇ ಬಂದಿತ್ತು.

ಉಗುರುಬೆಚ್ಚಗೆ

ಅಕ್ಕ, ನಿಮ್ಮ ಮಗನ ಕತೆ ಓದ್ತಾ ಮೈ ಜುಂ ಅಂತು, ಯಾಕಂದ್ರೆ ಆ ಹುಡುಗ ನಾನೇ. ಈಗ ನಂಗೆ 34, ಊರು ಗೋಣಿಕೊಪ್ಪದ ಹತ್ರ, ಕೆಲಸ ಮೈಸೂರಲ್ಲಿ. ಇದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ ಅಂತ ಹೆಸರೇ ಇದೆ, ಬಿಸಿನೀರಿನ ಫಿಟ್ಸ್. ನಾಟಕ ಅಲ್ಲ, ಗಾಳಿ ಅಲ್ಲ.

ನಂಗೆ ಶುರುವಾಗಿದ್ದು ಏಳನೇ ಕ್ಲಾಸಲ್ಲಿ. ಇಇಜಿ ನಾರ್ಮಲ್ ಬಂದಿದ್ದಕ್ಕೆ ತಲೆ ಕೆಡಿಸ್ಕೋಬೇಡಿ, ಸ್ನಾನ ಮಾಡ್ದೇ ಇರೋವಾಗ ತೆಗೆದ್ರೆ ಇದ್ರಲ್ಲಿ ಬಹಳ ಜನಕ್ಕೆ ನಾರ್ಮಲ್ಲೇ ಬರುತ್ತೆ ಅಂತ ನಂಗೆ ನಿಮ್ಹಾನ್ಸಲ್ಲಿ ಹೇಳಿದ್ರು. ನನ್ನ ಕೇಸಲ್ಲಿ ಆರು ವರ್ಷ ವೇಸ್ಟ್ ಆಗಿದ್ದು ಯಾಕೆ ಅಂದ್ರೆ ಯಾವ ಡಾಕ್ಟರಿಗೂ ನಾವು "ಬಚ್ಚಲಲ್ಲಿ ಆಗುತ್ತೆ" ಅಂತ ಹೇಳಿದ್ವೇ ಹೊರತು "ತಲೆಗೆ ಬಿಸಿನೀರು ಹುಯ್ಯುವಾಗ ಆಗುತ್ತೆ" ಅಂತ ಹೇಳ್ಲಿಲ್ಲ, ಅವ್ರೂ ಕೇಳ್ಲಿಲ್ಲ. ನೆಲ ಜಾರುತ್ತೆ, ಹೊಗೆಗೆ ತಲೆ ಸುತ್ತಿರ್ಬೇಕು, ಬಿಪಿ ಇಳಿದಿರ್ಬೇಕು ಅಂತ ಟಾನಿಕ್ ಕೊಟ್ಟು ಕಳಿಸ್ತಿದ್ರು. ನಿಮ್ಹಾನ್ಸ್ ಓಪಿಡೀಲಿ ಒಬ್ರು ಸಣ್ಣ ವಯಸ್ಸಿನ ಡಾಕ್ಟ್ರು ಅಮ್ಮನ್ನ ಕೇಳಿದ ಮೂರನೇ ಪ್ರಶ್ನೆನೇ "ಚೊಂಬಲ್ಲಿ ಹುಯ್ತೀರಾ, ಶವರಾ? ತಲೆಗೆ ಹುಯ್ದಾಗ್ಲಾ, ಮೈಗೆ ಹುಯ್ದಾಗ್ಲೂನಾ?" ಅಮ್ಮ ಅಲ್ಲೇ ಅತ್ಬಿಟ್ರು. ಯಾರೋ ಒಬ್ರಾದ್ರೂ ನಮ್ಮ ಬಚ್ಚಲಿಗೆ ಬಂದು ನೋಡ್ದಂಗೆ ಕೇಳ್ತಿದಾರಲ್ಲ ಅಂತ.

ಇನ್ನೊಂದು ಹೇಳ್ತೀನಿ, ಇದನ್ನ ಮನೇಲಿ ಇವತ್ತಿಗೂ ಹೇಳಿಲ್ಲ. ನಂಗೆ ಶುರುವಾಗೋ ಮುಂಚೆ ಏನೋ ಒಂಥರ ಹಿತ ಆಗ್ತಿತ್ತು, ತೇಲ್ದಂಗೆ. ಅದಕ್ಕೋಸ್ಕರ ಬೇಕಂತಲೇ ಇನ್ನೂ ಬಿಸಿ ಇನ್ನೂ ಬೇಗ ಹುಯ್ಕೊಳ್ತಿದ್ದೆ. ನಾನೊಬ್ನೇ ಹುಚ್ಚ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಈ ಕಾಯಿಲೆ ಇರೋ ಕೆಲವ್ರಿಗೆ ಹಿಂಗಾಗೋದು ಡಾಕ್ಟರುಗಳಿಗೆ ಚೆನ್ನಾಗೇ ಗೊತ್ತಿದೆ ಅಂತ. ಮಗನ್ನ ಬೈಯ್ದೆ ಒಮ್ಮೆ ಮೆಲ್ಲಗೆ ಕೇಳಿ ನೋಡಿ.

ಈಗ ನಂಗೆ ಏನಿಲ್ಲ. ಉಗುರು ಬೆಚ್ಚಗಿನ ನೀರು, ತಲೆ ಬೇರೆ ದಿನ ಮೈ ಬೇರೆ ದಿನ. ಮೊದಲ ಎರಡು ವರ್ಷ ತಲೆಗೆ ಸ್ನಾನದ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಅನ್ನೋ ಫಿಟ್ಸ್ ತಡೆಯೋ ಮಾತ್ರೆ ತಗೊಳ್ತಿದ್ದೆ, ಆ ದಿನ ಮಾತ್ರ. ಅದನ್ನ ಡಾಕ್ಟರ್ ಬರೆದುಕೊಟ್ರೆ ಮಾತ್ರ ಕೊಡಿ, ನನ್ನ ಮಾತು ಕೇಳಿ ಅಂಗಡಿಗೆ ಹೋಗ್ಬೇಡಿ.

ನಿವೃತ್ತ_ಸಿಸ್ಟರ್_ಮಡಿಕೇರಿ

ಮೊದಲು ಆ ಹಂದಿ ಮಾತಿಗೆ ಬರ್ತೀನಿ, ಮೂವತ್ತು ವರ್ಷ ವಾರ್ಡಲ್ಲಿ ಕೇಳಿ ಕೇಳಿ ಸಾಕಾಗಿದೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದ್ರೆ ಬರೋದು ಕರುಳಲ್ಲಿ ಲಾಡಿಹುಳ. ಮೆದುಳಿಗೆ ಹೋಗೋದು ಆ ಹುಳದ ಮೊಟ್ಟೆ ಒಡೆದು ಬಂದ ಮರಿ, ಆ ಮೊಟ್ಟೆ ಬರೋದು ಲಾಡಿಹುಳ ಇರೋ ಮನುಷ್ಯನ ಮಲದಿಂದ. ತೊಳೆಯದ ಸೊಪ್ಪು, ತೊಳೆಯದ ಕೈ, ಕೆಟ್ಟ ನೀರು. ಅದಕ್ಕೇ ಜನ್ಮದಲ್ಲಿ ಮಾಂಸ ಮುಟ್ಟದವರ ಸ್ಕ್ಯಾನಲ್ಲೂ ಅದು ಕಾಣುತ್ತೆ. ಕಾಚಂಪುಳಿ (ನಮ್ಮ ಕೊಡಗಿನ ಹುಳಿ ರಸ) ಹಾಕಿ ಗಂಟೆಗಟ್ಟಲೆ ಬೇಯಿಸಿದ ಪಂದಿ ಕರಿಯಲ್ಲಿ ಯಾವ ಹುಳವೂ ಬದುಕಲ್ಲ ಮಾರಾಯ್ರೇ. ಆದ್ರೆ ಫಿಟ್ಸಿಗೆ ಅದೂ ಒಂದು ಕಾರಣ ಹೌದು, ಬೇಕಿದ್ರೆ ಡಾಕ್ಟರೇ ಸ್ಕ್ಯಾನ್ ಬರೀತಾರೆ. ಬಚ್ಚಲಲ್ಲಿ ಮಾತ್ರ ಬರೋ ಫಿಟ್ಸಿಗೆ ಹುಳವನ್ನೇ ಮೊದಲು ಹಿಡ್ಕೊಂಡು ಕೂರೋದು ಬೇಡ.

ಅಮ್ಮ, ಇವತ್ತಿಂದಲೇ ಮಾಡ್ಬೇಕಾದ್ದು. ಬಚ್ಚಲ ಬಾಗಿಲಿಗೆ ಚಿಲಕ ಬೇಡ. ಹಂಡೆ, ಒಲೆ ಇರೋ ಜಾಗದಲ್ಲಿ ಅವನನ್ನ ಕೂರಿಸಬೇಡಿ, ಬಕೆಟಲ್ಲಿ ಹದ ಮಾಡಿ ಹೊರಗೆ ತಂದು ಸ್ನಾನ ಮಾಡ್ಸಿ. ಹೊಳೆ ಕೆರೆ ಈಜು ಸದ್ಯಕ್ಕೆ ಇಲ್ಲ. ಬಂದ್ರೆ ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಟವೆಲ್ ಇಡಿ, ಬಾಯಿಗೆ ಚಮಚ ಬಟ್ಟೆ ಏನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಅಥವಾ ಎಚ್ಚರ ಆಗ್ದೇ ಇನ್ನೊಂದು ಬಂದ್ರೆ 108ಕ್ಕೆ ಫೋನ್ ಮಾಡಿ. ಮತ್ತೆ ಆ ಕತ್ತಿ! ಒದ್ದಾಡೋ ಮಗುವಿನ ಕೈಗೆ ಕತ್ತಿ ಕೊಡೋದು ಅಂದ್ರೆ ಏನಮ್ಮ. ಫಿಟ್ಸ್ ಬಹಳಷ್ಟು ಸಲ ಒಂದೆರಡು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ, ಹೆಸರು ಕಬ್ಬಿಣಕ್ಕೆ ಬರುತ್ತೆ ಅಷ್ಟೇ.

ತೋಟದ್ಮನೆ_ಗೌಡ್ರು

ನಮ್ಮಜ್ಜ ತೊಂಬತ್ತು ವರ್ಷ ಕುದಿಯೋ ನೀರೇ ಹುಯ್ಕೊಂಡ್ರು, ಏನೂ ಆಗ್ಲಿಲ್ಲ. ಈಗಿನ ಮಕ್ಕಳಿಗೆ ನೀರೂ ಕಾಯಿಲೆ. ಏನೇನೋ ಹೆಸರಿಡ್ತಾರೆ.

ಜಕ್ಕೂರ್_ಟು_ಮಡಿಕೇರಿ

ಗೌಡ್ರೇ ಎಲ್ರಿಗೂ ಬರುತ್ತೆ ಅಂತ ಯಾರೂ ಹೇಳಿಲ್ಲ, ಬರೋ ಗುಣ ಇರೋರಿಗೆ ಬರುತ್ತೆ. ಹೆಸರೂ ಈಗ ಇಟ್ಟಿದ್ದಲ್ಲ. ಪ್ರಪಂಚದಲ್ಲಿ ಮೊದಲು ವರದಿ ಆಗಿದ್ದು 1945ರಲ್ಲಿ ನ್ಯೂಜಿಲೆಂಡಲ್ಲಿ, ಆದ್ರೆ ಅಲ್ಲೆಲ್ಲ ಇದು ಅಪರೂಪ. ಬೆಂಗಳೂರಲ್ಲಿ ಡಾ. ಕೆ.ಎಸ್. ಮಣಿ ಮತ್ತು ಜೊತೆಯವ್ರು 1968ರಲ್ಲೇ ಇದರ ಬಗ್ಗೆ ಬರೆದ್ರು, 1972ರಲ್ಲಿ 60 ಜನರ ವಿವರ ಕೊಟ್ರು. ಆಮೇಲೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ, ಮುಂದೆ ಅಲ್ಲೇ ಡೈರೆಕ್ಟರೂ ಆದವ್ರು, 1988ರಲ್ಲಿ 279 ರೋಗಿಗಳನ್ನ ಇಟ್ಕೊಂಡು ದೊಡ್ಡ ಪೇಪರ್ ಬರೆದ್ರು. ಇಡೀ ಜಗತ್ತಲ್ಲಿ ಇದು ಜಾಸ್ತಿ ಕಾಣೋದು ನಮ್ಮ ದಕ್ಷಿಣ ಭಾರತದಲ್ಲಿ, ಆಮೇಲೆ ಟರ್ಕಿಯಲ್ಲಿ. ಎರಡೂ ಕಡೆ ತಲೆಗೆ ಪಾತ್ರೆಯಲ್ಲಿ ಬಿಸಿನೀರು ಸುರಿಯೋ ಅಭ್ಯಾಸ! ನಾವು ಹುಯ್ಕೊಳ್ಳೋ ನೀರು 40ರಿಂದ 50 ಡಿಗ್ರಿ ಇರುತ್ತಂತೆ, ಅದೂ ಬಿಡುವಿಲ್ದೆ. ತಲೆಯ ಬಿಸಿ ಸರ್ರನೆ ಏರೋದನ್ನ ಕೆಲವರ ಮೆದುಳು ತಡ್ಕೊಳ್ಳಲ್ಲ, ಪದೇ ಪದೇ ಆಗ್ತಾ ಆಗ್ತಾ ಮೆದುಳಿಗೆ ಫಿಟ್ಸ್ ಬರೋದೇ ಅಭ್ಯಾಸ ಆಗ್ಬಿಡುತ್ತೆ ಅನ್ನೋದು ಸತೀಶ್ಚಂದ್ರ ಅವರ ವಾದ, ಇಲಿಗಳ ಮೇಲೆ ಬಿಸಿನೀರು ಹಾಕಿ ಕೂಡ ನೋಡಿದಾರೆ. ಹಂಗಾಗಿ ಅಕ್ಕ, ಆಗ್ತಾನೇ ಇರ್ಲಿ ನೋಡೋಣ ಅಂತ ಬಿಡೋ ವಿಷಯ ಇದಲ್ಲ, ಮುಂದೆ ಕೆಲವ್ರಿಗೆ ನೀರಿಲ್ದೇನೂ ಫಿಟ್ಸ್ ಶುರುವಾಗುತ್ತೆ.

ಕೆಲವು ಮನೆಗಳಲ್ಲಿ ಇದು ವಂಶದಲ್ಲೇ ಬರುತ್ತೆ. ನಾನು ಇರೋ ಏರಿಯಾದಲ್ಲೇ ಇರೋ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆ ಮತ್ತು ನಿಮ್ಹಾನ್ಸ್ ಸೇರಿ ಅಂಥ ಕುಟುಂಬಗಳ ರಕ್ತ ತಗೊಂಡು 10ನೇ ಕ್ರೋಮೋಸೋಮಲ್ಲಿ ಒಂದು ಜಾಗ, 4ನೇದ್ರಲ್ಲಿ ಇನ್ನೊಂದು ಜಾಗ ಗುರುತು ಮಾಡಿದಾರೆ. ನಿಮ್ಮನೆ ಕಡೆ ಯಾರಿಗಾದ್ರೂ "ಸ್ನಾನಕ್ಕೆ ಹೋದ್ರೆ ತಲೆ ಸುತ್ತೋದು" ಇತ್ತಾ ಅಂತ ವಿಚಾರಿಸಿ.

ಇನ್ನು ಫಿಟ್ಸ್ ಅಪರೂಪದ್ದು ಅಂತ ನಾಚ್ಕೊಳ್ಳೋದೇನೂ ಬೇಡ. ನಿಮ್ಹಾನ್ಸಿನವ್ರು 1993ರಿಂದ 95ರವರೆಗೆ ಬೆಂಗಳೂರು ಪೇಟೆ ಹಳ್ಳಿ ಸೇರಿ 1,02,557 ಜನರ ಮನೆ ಮನೆ ಸರ್ವೆ ಮಾಡಿದ್ರು, ಸಾವಿರಕ್ಕೆ 8.8 ಜನರಿಗೆ ಎಪಿಲೆಪ್ಸಿ. ಪೇಟೇಲಿ 5.7, ಹಳ್ಳೀಲಿ 11.9. ಅಂದ್ರೆ ಹಳ್ಳಿಯಲ್ಲಿ ಎರಡು ಪಟ್ಟು, ನರದ ಡಾಕ್ಟರ್ ಇರೋದು ಮಾತ್ರ ಪೇಟೇಲಿ. ಇದು ನನ್ನ ಹೊಟ್ಟೆಉರಿ, ಬಿಡಿ. ನಮ್ಮ ಕೊಡಗಿನ ಮೂಲದ ಕ್ರಿಕೆಟಿಗ ರಾಬಿನ್ ಉತ್ತಪ್ಪ ರಾಯಭಾರಿ ಆಗಿದ್ರಲ್ಲ, ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್, ಅದು ತಲೆನೋವು, ಫಿಟ್ಸ್, ಸ್ಟ್ರೋಕ್, ಮರೆವು ಇಂಥವನ್ನ ಜಿಲ್ಲಾ ಮಟ್ಟದಲ್ಲೇ ನೋಡ್ಬೇಕು ಅಂತ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ್ದು. ಹಂಗಾಗಿ ಮೊದಲು ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಅಲ್ಲಿಂದ ಚೀಟಿ ಬರೆಸ್ಕೊಂಡು ಹೋದ್ರೆ ಮುಂದೆಯೂ ಸಲೀಸು.

ಉಗುರುಬೆಚ್ಚಗೆ

ಇನ್ನೊಂದು ಮರೆತೆ. ವಿಡಿಯೋ ಮಾಡ್ಕೊಳಿ. ಮುಂದಿನ ಸಲ ಆಗ್ಲಿ ಅಂತ ಅಲ್ಲ, ಆದ್ರೆ ಮಾತ್ರ. ಟವೆಲ್ ಸುತ್ತಿ ಮುಖ ಮತ್ತೆ ಕೈ ಕಾಣೋ ಹಂಗೆ ಅರ್ಧ ನಿಮಿಷ ಸಾಕು. ಇಇಜಿ ಹೇಳದ್ದನ್ನ ಆ ವಿಡಿಯೋ ಹೇಳುತ್ತೆ. ಬೆರಳು ಸೋಪಿನ ಡಬ್ಬಿ ಉಜ್ತಿತ್ತು ಅಂದ್ರಲ್ಲ, ಅದನ್ನ ಮರೀದೆ ಡಾಕ್ಟರಿಗೆ ಹೇಳಿ.

ಕಾಫಿಹೂ_ಅಮ್ಮ

ನಿಮ್ಮನ್ನೆಲ್ಲ ಹೇಗೆ ನೆನೆಸ್ಕೊಳ್ಳೋದೋ ಗೊತ್ತಾಗ್ತಿಲ್ಲ. ಹದಿನೈದು ದಿನ ಆಯ್ತು, ಎರಡು ಸಲ ಉಗುರು ಬೆಚ್ಚಗಿನ ನೀರಲ್ಲೇ ಜಗಲಿ ಪಕ್ಕ ಕೂರಿಸಿ ಸ್ನಾನ ಮಾಡ್ಸಿದೆ, ಒಂದು ಚೊಂಬು ಹುಯ್ದು ಹತ್ತು ಎಣಿಸಿ ಇನ್ನೊಂದು. ಏನೂ ಆಗ್ಲಿಲ್ಲ. ಅತ್ತೆ ಕಂಬಕ್ಕೆ ಒರಗಿ ನೋಡ್ತಾ ನಿಂತಿದ್ರು, "ಇದೂ ಒಂದು ಸ್ನಾನನಾ, ಎಣ್ಣೆ ಜಿಡ್ಡೂ ಹೋಗಲ್ಲ" ಅಂತ ಗೊಣಗಾಟ. ಆಮೇಲೆ ರಾತ್ರಿ ಅವ್ರೇ ಬಂದು ಹೇಳಿದ್ರು, ಅವರ ತಮ್ಮ ಒಬ್ರಿದ್ರಂತೆ, ದೀಪಾವಳಿ ಎಣ್ಣೆ ಸ್ನಾನದಲ್ಲಿ ಬಿದ್ದು ಹಂಡೆ ಒಲೆಗೆ ಕೈ ಸುಟ್ಕೊಂಡಿದ್ರು, ಆಗ್ಲೂ ಗಾಳಿ ಅಂತಾನೇ ಅಂದಿದ್ರಂತೆ. ಅವತ್ತಿಂದ ಅತ್ತೆ ಗೊಣಗಾಟ ನಿಂತಿದೆ.

ಮಗನ್ನೂ ಕೇಳ್ದೆ, ಮೆಲ್ಲಗೆ. ಹಿತ ಗಿತ ಏನಿಲ್ಲ, ಹೊಟ್ಟೆಯಿಂದ ಏನೋ ಮೇಲಕ್ಕೆ ಬಂದಂಗೆ ಆಗುತ್ತೆ ಅಂದ. ನಾಟಕ ಅಂತ ಬೈದಿದ್ದಕ್ಕೆ ಹೇಳಿರ್ಲಿಲ್ವಂತೆ.

ಮಡಿಕೇರೀಲಿ ತೋರಿಸಿ ಚೀಟಿ ತಗೊಂಡಿದೀವಿ, ಸೋಮವಾರ ಬೆಂಗಳೂರಿಗೆ. ಒಂದೇ ಒಂದು ಡೌಟು. ಇನ್ನೊಂದು ಇಇಜಿ ಮಾಡ್ತಾರಂತೆ, ತಲೆಗೆ ಸ್ನಾನ ಮಾಡಿಸಿ ಎಣ್ಣೆ ಇಲ್ಲದಂಗೆ ಕರ್ಕೊಂಡು ಬನ್ನಿ ಅಂದಿದಾರೆ. ನಾವು ಹೋಗ್ತಿರೋದೇ ತಲೆ ಸ್ನಾನದಿಂದ, ನಗಬೇಕೋ ಅಳಬೇಕೋ. ರಾತ್ರಿ ಬಸ್ಸು ಬೇರೆ.

ನಿವೃತ್ತ_ಸಿಸ್ಟರ್_ಮಡಿಕೇರಿ

ಭಾನುವಾರ ಮಧ್ಯಾಹ್ನ ಬಿಸಿಲಿರುವಾಗ್ಲೇ ಶಾಂಪೂ ಹಾಕಿ ಅದೇ ಉಗುರು ಬೆಚ್ಚಗಿನ ನೀರಲ್ಲಿ ತೊಳೆಯಿರಿ, ನೀರು ಸುರಿಯೋದು ಬೇಡ, ತಲೆ ಮುಂದಕ್ಕೆ ಬಗ್ಗಿಸಿ ಕೈಯಲ್ಲೇ ತೋಯಿಸಿ. ಚೆನ್ನಾಗಿ ಒಣಗಿಸಿ, ಬೆಳಿಗ್ಗೆವರೆಗೆ ಎಣ್ಣೆ ಮುಟ್ಟಿಸಬೇಡಿ. ರಾತ್ರಿ ಬಸ್ಸಲ್ಲಿ ನಿದ್ದೆ ಕೆಟ್ರೆ ಕೆಲವರಿಗೆ ಫಿಟ್ಸ್ ಬರೋದುಂಟು, ಆದಷ್ಟು ಹಗಲು ಬಸ್ಸಿಗೆ ಹೋಗಿ ಅಲ್ಲಿ ಯಾರಾದ್ರೂ ನೆಂಟರ ಮನೇಲಿ ಮಲಗಿ. ಬಿಪಿಎಲ್ ಕಾರ್ಡು ಇದ್ರೆ ಒರಿಜಿನಲ್ಲೇ ತಗೊಂಡು ಹೋಗಿ, ಜೆರಾಕ್ಸ್ ಅಲ್ಲ. ಹಳೇ ಇಇಜಿ ರಿಪೋರ್ಟ್ ಬಿಸಾಡಿಲ್ಲ ತಾನೆ?

ಕಾಫಿಹೂ_ಅಮ್ಮ

ಇಲ್ಲ ಸಿಸ್ಟರ್, ಇದೆ. ಅತ್ತೆ ದೇವರ ಗೂಡಲ್ಲಿ ಇಟ್ಟಿದ್ರು, ಕುಂಕುಮ ಹಚ್ಚಿ.