ಕ್ರೋಶಾ ರೌಂಡ್ ಮ್ಯಾಟ್ ಅಂಚು ಅಲೆ ಅಲೆಯಾಗಿ ಏಳುತ್ತಿದೆ, ಯಾರಾದರೂ ಪರಿಹಾರ ಹೇಳಿ

ತುಂಗಾತೀರ, ತೀರ್ಥಹಳ್ಳಿ
ಊಟದ ಟೇಬಲ್ ಮೇಲೆ ತಟ್ಟೆ ಕೆಳಗೆ ಇಡೋಕೆ ರೌಂಡ್ ಮ್ಯಾಟ್ ಹಾಕುತ್ತಿದ್ದೇನೆ. ಆರು ಬೇಕು. ಮೊದಲನೆಯದೇ ಹಾಳಾಗಿದೆ. ಅಂಚು ಕರಿದ ಹಪ್ಪಳದ ಹಾಗೆ ಮೇಲೆ ಕೆಳಗೆ ಎದ್ದಿದೆ. ಅಂಚಿನ ಹತ್ತಿರ ಲೋಟ ಇಟ್ಟರೆ ವಾಲುತ್ತದೆ. ವಿಡಿಯೋದಲ್ಲಿ ಹೇಳಿದ ಹಾಗೇ ಪ್ರತಿ ಸುತ್ತಿಗೆ 12 ಹೊಲಿಗೆ ಹೆಚ್ಚಿಸಿದ್ದೇನೆ, ಎಲ್ಲೂ ಬಿಟ್ಟಿಲ್ಲ. ಶ್ರಾವಣದಲ್ಲಿ ಮನೇಲಿ ಪೂಜೆ ಇದೆ, ನೆಂಟರು ಬರುತ್ತಾರೆ. ಸಿಕ್ಕಾಪಟ್ಟೆ ಬೇಜಾರಾಗಿದೆ. ಏನು ಮಾಡಲಿ?

ಸಾಗರದ ಕುಚ್ಚು
ಲೆಕ್ಕ ತಪ್ಪಿದೆ. ಅಂಚು ಅಲೆ ಅಲೆಯಾಯಿತು ಅಂದ್ರೆ ಕಂಬ, ಅಂದ್ರೆ ಹೊಲಿಗೆ, ಜಾಸ್ತಿ. ಒಳಕ್ಕೆ ಗುಳಿ ಬಿದ್ದರೆ ಕಂಬ ಕಡಿಮೆ. ಇಷ್ಟೇ ವಿಷಯ. ಮೊದಲ ಸುತ್ತು 12, ಆಮೇಲೆ 24, 36, 48, ಹೀಗೆ ಹೋಗಬೇಕು. ಸುತ್ತು ಮುಗಿಸಿ ಕೂಡಿಸೋಕೆ ಸ್ಲಿಪ್ ಸ್ಟಿಚ್ ಹಾಕಿದ ಜಾಗದಲ್ಲಿ ತುಂಬಾ ಜನ ಇನ್ನೊಂದು ಕಂಬ ಹಾಕಿಬಿಡುತ್ತಾರೆ. ಸುತ್ತಿಗೊಂದು ಕಂಬ ಗೊತ್ತಾಗದೆ ಸೇರುತ್ತದೆ. ಎಣಿಸಿ ಹೇಳಿ.

ತುಂಗಾತೀರ
ಎಣಿಸಿದೆ ಅಕ್ಕ. ಹತ್ತನೇ ಸುತ್ತಿನಲ್ಲಿ 120 ಇದೆ. ಕೊನೆಯದು ಹನ್ನೆರಡನೇ ಸುತ್ತು, ಅದರಲ್ಲಿ 144. ಒಂದೂ ಹೆಚ್ಚುಕಮ್ಮಿ ಇಲ್ಲ.

ದುರ್ಗಿಗುಡಿ ಅಮ್ಮ
ನೀವು ಹಾಕಿದ್ದು ಸಿಂಗಲ್ಲಾ (ದಾರ ಸುತ್ತದೆ ಹಾಕೋ ಗಿಡ್ಡದು), ಡಬಲ್ಲಾ (ಒಂದು ಸಲ ದಾರ ಸುತ್ತಿ ಹಾಕೋ ಉದ್ದ ಕಂಬ)? 12 ಹೆಚ್ಚಿಸೋದು ಉದ್ದ ಕಂಬಕ್ಕೆ ಮಾತ್ರ. ಸಿಂಗಲ್ ಕ್ರೋಶಾಕ್ಕೆ ಸುತ್ತಿಗೆ 6 ಸಾಕು. ನಮ್ಮ ಕಾಲದ ಪುಸ್ತಕಗಳೆಲ್ಲ ಬ್ರಿಟಿಷ್ ಲೆಕ್ಕ. ಅದರಲ್ಲಿ ಡಬಲ್ ಅಂದ್ರೆ ಈಗಿನ ವಿಡಿಯೋಗಳ ಸಿಂಗಲ್. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಇದನ್ನು ನೋಡದೆ ಹಾಕಿದರೆ ನಾಲ್ಕನೇ ಸುತ್ತಿಗೇ ಅಂಚು ಏಳುತ್ತದೆ.

ಸಾಗರದ ಕುಚ್ಚು
ಅಮ್ಮ, ಅವರು ಪುಸ್ತಕ ನೋಡಿ ಹಾಕಿಲ್ಲ, ವಿಡಿಯೋ ನೋಡಿ ಹಾಕಿದ್ದು. ಕಡ್ಡಿಗೆ ಒಂದು ಸಲ ದಾರ ಸುತ್ತಿ ಎಳೆದರೆ ಕಂಬ. ಇದರಲ್ಲಿ ಬ್ರಿಟಿಷ್, ಅಮೆರಿಕ ಯಾಕೆ ಬರಬೇಕು?

ದುರ್ಗಿಗುಡಿ ಅಮ್ಮ
ಬರಬೇಕು. ಕಲಿಯೋರು ಇದನ್ನು ಓದುತ್ತಾರೆ. ನಾನು ಎಷ್ಟೋ ಹುಡುಗಿಯರಿಗೆ ಬಿಚ್ಚಿಸಿ ಹಾಕಿಸಿದ್ದೇನೆ. ಸೀರೆ ಕುಚ್ಚಿಗೆ ಹಾಕೋ ಕಂಬ ನೇರ ಸಾಲಿನಲ್ಲಿ ಹೋಗುತ್ತದೆ, ಅಲ್ಲಿ ಈ ತೊಂದರೆ ಗೊತ್ತೇ ಆಗಲ್ಲ.

ತುಂಗಾತೀರ
ದಾರ ಒಂದು ಸಲ ಸುತ್ತಿ ಹಾಕೋ ಕಂಬವೇ ಹಾಕಿದ್ದು.

ಹೊಸನಗರ ಮೇಷ್ಟ್ರು
12 ಯಾಕೆ ಅಂತ ಗೊತ್ತಿದ್ದರೆ ಯಾವ ವಿಡಿಯೋನೂ ಬೇಡ. ಒಂದು ಸುತ್ತು ಸೇರಿಸಿದಾಗ ಕಂಬದ ಎತ್ತರದಷ್ಟು ತ್ರಿಜ್ಯ ಹೆಚ್ಚುತ್ತದೆ. ಪರಿಧಿ ಅದರ 6.28 ಪಟ್ಟು ಹೆಚ್ಚುತ್ತದೆ. ಸಿಂಗಲ್‌ನ ಎತ್ತರ ಅಗಲ ಹೆಚ್ಚುಕಮ್ಮಿ ಒಂದೇ, ಅದಕ್ಕೆ 6. ಕಂಬ ಅಗಲದ ಎರಡರಷ್ಟು ಎತ್ತರ, ಅದಕ್ಕೆ 12. ನಿಮ್ಮ ಲೆಕ್ಕ ಸರಿಯಾಗಿದೆ ತಂಗಿ. ಬೇರೆ ಏನೋ ಇದೆ.

ಸಾಗರದ ಕುಚ್ಚು
ಹಾಗಾದ್ರೆ ಕೈ ಸಡಿಲ. ನೋಡಿ ಸರ್, ಕಂಬ ಅಗಲವಾಗಿ ಬಂದರೆ 12 ಕೂಡ ಜಾಸ್ತಿಯೇ, ನಿಮ್ಮ ಲೆಕ್ಕವೂ ಅದನ್ನೇ ಹೇಳುತ್ತದೆ. ಕಡ್ಡಿ ಯಾವ ನಂಬರ್? 4 ಎಂಎಂ ಇದ್ದರೆ 3.5ಕ್ಕೆ ಬನ್ನಿ. ಇಲ್ಲ, ಸುತ್ತಿಗೆ 11 ಹೆಚ್ಚಿಸಿ.

ತುಂಗಾತೀರ
3.5 ಕಡ್ಡಿಯೇ. ಇನ್ನೂ ಸಣ್ಣದು ತಗೊಂಡರೆ ಮ್ಯಾಟ್ ಹಲಗೆ ಆಗುತ್ತದೆ.

ಆಗುಂಬೆ ಮಳೆ
ಗಂಜಿ ಹಾಕಿ ಪಿನ್ ಹೊಡೆದು ಒಣಗಿಸಿ. ದಪ್ಪ ರಟ್ಟಿನ ಮೇಲೆ ಕಂಪಾಸಲ್ಲಿ ವೃತ್ತ ಬರೆದು ಅದರ ಮೇಲೆ ಪ್ಲಾಸ್ಟಿಕ್ ಹಾಸಿ. ಒದ್ದೆ ಮ್ಯಾಟನ್ನು ಗೆರೆ ತನಕ ಎಳೆದು ತುಕ್ಕು ಹಿಡಿಯದ ಗುಂಡುಪಿನ್ನು ಚುಚ್ಚಿ. ಸ್ವಲ್ಪ ಅಲೆ ಇದ್ದರೆ ಕೂತುಬಿಡುತ್ತದೆ.

ದುರ್ಗಿಗುಡಿ ಅಮ್ಮ
ಈ ಮಳೆಯಲ್ಲಿ ಗಂಜಿ ಬೇಡ. ಗಂಜಿ ಹಾಕಿದ ಹತ್ತಿ ಒಣಗೋ ಮೊದಲೇ ಬೂಷ್ಟು ಹಿಡಿಯುತ್ತದೆ. ಜಿರಳೆಯೂ ಬರುತ್ತದೆ. ಊಟದ ಟೇಬಲ್‌ಗೆ ಇಡೋ ವಸ್ತು ಅದು.

ಆಗುಂಬೆ ಮಳೆ
ನಮ್ಮಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ ಅಮ್ಮ, ಎಂಥದೂ ಆಗಲ್ಲ. ಇನ್ನೊಂದು ಮಾತು, ಕಡ್ಡಿ ಚೆನ್ನಾಗಿದ್ದರೆ ಅರ್ಧ ತೊಂದರೆ ಇಲ್ಲ. ನಾನು ಸಾಗರದಲ್ಲಿ ಮರ ಕೆತ್ತೋ ಗುಡಿಗಾರರೊಬ್ಬರಿಗೆ ಹೇಳಿ ಶಿವನೆ ಮರದಲ್ಲಿ ಕಡ್ಡಿ ಮಾಡಿಸಿಕೊಂಡಿದ್ದೇನೆ. 5 ಎಂಎಂ, ಹಿಡಿಯ ಮೇಲೆ ಸಣ್ಣ ಬಳ್ಳಿ ಕೆತ್ತನೆ. ಕೈ ನೋಯೋದೇ ಇಲ್ಲ, ಕಂಬ ಎಲ್ಲ ಒಂದೇ ಸಮ ಬರುತ್ತದೆ.

ಸಾಗರದ ಕುಚ್ಚು
ಮರದ ಕಡ್ಡಿ ದಪ್ಪ ದಾರಕ್ಕೆ ಸರಿ. ರೇಷ್ಮೆ ದಾರಕ್ಕೆ ಸ್ಟೀಲೇ ಬೇಕು. ನನ್ನ ಹತ್ತಿರ 0.75ರಿಂದ ಪೂರ್ತಿ ಸೆಟ್ ಇದೆ, ಇನ್ನೂ ಒಂದಕ್ಕೂ ತುಕ್ಕಿಲ್ಲ.

ಹೊಸನಗರ ಮೇಷ್ಟ್ರು
ಕಡ್ಡಿ ವಿಷಯ ಆಮೇಲೆ ಮಾತಾಡೋಣ. ತಂಗಿ, ಹಾಕಿ ಮುಗಿಸಿದ ದಿನ ಮ್ಯಾಟ್ ಹೇಗಿತ್ತು? ಆಗಲೂ ಅಲೆ ಇತ್ತಾ?

ತುಂಗಾತೀರ
ಇಲ್ಲ ಸರ್, ಆಗ ಚೆನ್ನಾಗೇ ಕೂತಿತ್ತು. ಒಗೆದ ಮೇಲೆ ಹೀಗಾಗಿದ್ದು. ಹಂಡೆಯ ಬಿಸಿನೀರಲ್ಲಿ ನೆನೆಸಿ ಹಿಂಡಿ, ಒಲೆ ಮೇಲೆ ಒಣಗಿಸಿದೆ. ಕೆಂಪು ಅಂಚಿನ ಬಣ್ಣ ಬಿಳಿಗೆ ಇಳಿಯುತ್ತಾ ಅಂತ ಮೊದಲೇ ನೋಡಿಕೊಳ್ಳಬೇಕಿತ್ತು, ಅದಕ್ಕೆ ಒಗೆದಿದ್ದು. ಬಣ್ಣ ಇಳಿದಿಲ್ಲ.

ಹೊಸನಗರ ಮೇಷ್ಟ್ರು
ಕೆಂಪು ಅಂಚು ಬೇರೆ ನೂಲಾ?

ತುಂಗಾತೀರ
ಹೌದು. ನಡುವೆ ಬಿಳಿ ಕಾಟನ್. ಕೊನೆಯ ಎರಡು ಸುತ್ತು ಕೆಂಪು ಉಲ್ಲನ್, ಮಗನ ಸ್ವೆಟರ್ ಹಾಕಿ ಉಳಿದಿದ್ದು. ದಪ್ಪ ಎರಡೂ ಒಂದೇ.

ಹೊಸನಗರ ಮೇಷ್ಟ್ರು
ಸಿಕ್ಕಿತು. ದಪ್ಪ ಒಂದೇ ಇದ್ದರೆ ಸಾಲದು, ಕುಗ್ಗೋದೂ ಒಂದೇ ಇರಬೇಕು. ಹತ್ತಿ ನೂಲು ಮೊದಲ ಸಲ ಬಿಸಿನೀರು ಕಂಡಾಗ ಕುಗ್ಗುತ್ತದೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡೋದು ಬಹಳ ಸಲ ಅಕ್ರಿಲಿಕ್ ಅನ್ನೋ ಕೃತಕ ನೂಲು, ಅದು ಹಾಗೆ ಕುಗ್ಗಲ್ಲ. ನಿಮ್ಮ ಬಿಳಿ ಭಾಗ 30 ಸೆಂಟಿಮೀಟರ್ ಅಗಲ ಇತ್ತು ಅಂದುಕೊಳ್ಳಿ. ಸುತ್ತಳತೆ ಸುಮಾರು 94. ನೂರಕ್ಕೆ ಐದು ಕುಗ್ಗಿದರೆ ಅಗಲ 28.5, ಸುತ್ತಳತೆ 89.5. ಕೆಂಪು ಅಂಚು ಮಾತ್ರ 94ರ ಲೆಕ್ಕದಲ್ಲೇ ಉಳಿದಿದೆ. ಮಿಕ್ಕ ನಾಲ್ಕೂವರೆ ಸೆಂಟಿಮೀಟರ್‌ಗೆ ಜಾಗ ಇಲ್ಲ, ಅದಕ್ಕೆ ಮೇಲೆ ಕೆಳಗೆ ಏಳುತ್ತದೆ.

ಸಾಗರದ ಕುಚ್ಚು
ಒಪ್ಪೋಣ. ಆದರೆ ಕೈ ಸಡಿಲ ಇದ್ದರೆ ಕುಗ್ಗೋದೂ ಜಾಸ್ತಿ. ನಾನು ಹೇಳಿದ್ದೂ ಪೂರ್ತಿ ಸುಳ್ಳಲ್ಲ.

ಹೊಸನಗರ ಮೇಷ್ಟ್ರು
ಅದು ನಿಜ. ಆದರೆ ಒಗೆಯೋ ಮೊದಲು ಸಪಾಟಾಗಿತ್ತು ಅಂದಮೇಲೆ 12ರ ಲೆಕ್ಕವನ್ನು ಮುಟ್ಟಬಾರದು. 11 ಮಾಡಿದರೆ ಉಳಿದ ಐದು ಮ್ಯಾಟೂ ಗುಳಿ ಬೀಳುತ್ತವೆ.

ದುರ್ಗಿಗುಡಿ ಅಮ್ಮ
ನೂಲು ಯಾವುದು ಅಂತ ಸುಟ್ಟು ನೋಡಿ. ಒಂದು ಗೇಣು ದಾರ ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಹಿಡಿಯಿರಿ, ಕೆಳಗೆ ನೀರಿನ ಬಟ್ಟಲು ಇರಲಿ. ಹತ್ತಿ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಆಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿ ಆಗುತ್ತದೆ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ.

ತುಂಗಾತೀರ
ನೋಡಿದೆ. ಬಿಳಿ ಬೂದಿ ಆಯಿತು. ಕೆಂಪು ಮಣಿ ಆಯಿತು, ವಾಸನೆಗೆ ಕೆಮ್ಮು ಬಂತು.

ಆಗುಂಬೆ ಮಳೆ
ಅಕ್ರಿಲಿಕ್ ಆದರೆ ಇನ್ನೂ ಸುಲಭ. ಹಬೆ ಇಸ್ತ್ರಿ ಮೇಲಿಂದ ಹಿಡಿಯಿರಿ, ಮುಟ್ಟಿಸಬೇಡಿ. ಒಂದು ಸಲ ಹಬೆ ತಾಗಿದರೆ ಮತ್ತೆ ಏಳಲ್ಲ. ಬಿಚ್ಚೋ ಕೆಲಸ ತಪ್ಪುತ್ತದೆ.

ದುರ್ಗಿಗುಡಿ ಅಮ್ಮ
ಹಬೆ ಕೊಟ್ಟರೆ ಏಳಲ್ಲ, ನಿಜ. ಆದರೆ ದಾರದ ಜೀವವೇ ಹೋಗುತ್ತದೆ, ಜೋತುಬೀಳುತ್ತದೆ. ಹೆಚ್ಚಾದ ಉದ್ದವೂ ಅಲ್ಲೇ ಇರುತ್ತದೆ. ಅದಕ್ಕಿಂತ ದೊಡ್ಡ ಮಾತು, ಇದು ಊಟದ ಮ್ಯಾಟ್. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಯಾರಾದರೂ ಅಂಚಿನ ಮೇಲೆ ಇಟ್ಟರೆ ಅಕ್ರಿಲಿಕ್ ಕರಗಿ ಪಾತ್ರೆಗೆ ಅಂಟಬಹುದು. ಬಿಸಿ ತಾಗೋ ಕಡೆ ಹತ್ತಿ ಮಾತ್ರ. ಇದರಲ್ಲಿ ನಾನು ರಾಜಿ ಆಗಲ್ಲ. ಕೆಂಪು ಎರಡು ಸುತ್ತು ಬಿಚ್ಚಿ.

ಹೊಸನಗರ ಮೇಷ್ಟ್ರು
ಅಮ್ಮ ಹೇಳಿದ್ದೇ ಸರಿ. ಆದರೆ ಹೊಸ ಕಾಟನ್ ತಂದು ನೇರ ಹಾಕಬೇಡಿ. ನಡುಭಾಗ ಈಗಾಗಲೇ ಕುಗ್ಗಿದೆ, ಅಂಚಿನ ನೂಲೂ ಮೊದಲೇ ಕುಗ್ಗಿರಬೇಕು. ಇಲ್ಲದಿದ್ದರೆ ಮುಂದಿನ ಒಗೆತಕ್ಕೆ ಅಂಚು ಬಿಗಿದು ಮ್ಯಾಟ್ ಗುಳಿ ಬೀಳುತ್ತದೆ. ಉಂಡೆಯನ್ನು ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅದೇ ಬಿಸಿನೀರಲ್ಲಿ ನೆನೆಸಿ ಒಣಗಿಸಿ. ಆಮೇಲೆ 120ರಿಂದ ಮುಂದುವರಿಸಿ, 132, 144. ಉಳಿದ ಐದಕ್ಕೆ ಶುರುವಿಂದ ಕೊನೆ ತನಕ ಒಂದೇ ಕಾಟನ್ ಹಾಕಿದರೆ ಮೊದಲೇ ನೆನೆಸೋದು ಬೇಡ, ಎಲ್ಲ ಒಟ್ಟಿಗೆ ಕುಗ್ಗುತ್ತದೆ. ಅಳತೆ ಮಾತ್ರ ಸ್ವಲ್ಪ ದೊಡ್ಡದಿರಲಿ.

ತುಂಗಾತೀರ
ಕೆಂಪು ಬಿಚ್ಚಿದೆ. ಬಿಳಿ ಭಾಗ ಟೇಬಲ್ ಮೇಲೆ ಸಪಾಟಾಗಿ ಕೂತಿತು! ತುಂಬಾ ಧನ್ಯವಾದ ಸರ್, ಅಮ್ಮ. ಈಗ ಕೆಂಪು ಕಾಟನ್ ಹುಡುಕಬೇಕು, ಇಲ್ಲಿ ಸಿಗೋದು ಗುಲಾಬಿ ಮತ್ತು ಹಳದಿ ಮಾತ್ರ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗೋಣ ಅಂದ್ರೆ ಮಳೆ ಬಿಡುತ್ತಿಲ್ಲ.

ಆಗುಂಬೆ ಮಳೆ
ಬಿಳಿ ಕಾಟನ್ ಮಿಕ್ಕಿದ್ದರೆ ಚೊಗರಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರು) ಅದ್ದಿ. ಅಡಿಕೆ ಬೇಯಿಸೋ ಕಾಲದಲ್ಲಿ ನಾವು ಚೊಗರು ತೆಗೆದಿಟ್ಟಿದ್ದೇವೆ. ಹತ್ತಿಗೆ ಹಾಕಿದರೆ ಕೆಂಪು ಕಂದು ಬಣ್ಣ ಬರುತ್ತದೆ. ನಮ್ಮ ಮನೆಯ ಟೇಬಲ್ ಮ್ಯಾಟ್ ಎಲ್ಲ ಅದೇ ಬಣ್ಣ, ಸಾರಿನ ಕಲೆಯೂ ಕಾಣಲ್ಲ. ನೂಲನ್ನು ಬಿಸಿ ಬಣ್ಣದಲ್ಲೇ ನೆನೆಸೋದರಿಂದ ಕುಗ್ಗಿಸೋ ಕೆಲಸವೂ ಆಯಿತು.

ಸಾಗರದ ಕುಚ್ಚು
ಚೊಗರಿನ ಬಣ್ಣ ಮೊದಲ ಒಗೆತಗಳಲ್ಲಿ ಬಿಡುತ್ತದೆ. ಬಿಳಿ ನಡುಭಾಗಕ್ಕೆ ಸೇರಿಸೋ ಮೊದಲು ನೀರು ತಿಳಿಯಾಗೋ ತನಕ ಜಾಲಿಸಿ. ನಾನು ಕುಚ್ಚಿನ ದಾರಕ್ಕೂ ಹಾಗೇ ಮಾಡೋದು.

ತುಂಗಾತೀರ
ಚೊಗರು ನಮ್ಮ ಪಕ್ಕದ ಮನೆಯವರ ಹತ್ತಿರ ಇದೆ, ಆದರೆ ಗಟ್ಟಿಯಾಗಿ ಕಪ್ಪಗೆ ಕೂತಿದೆ. ಅದನ್ನು ಎಷ್ಟು ನೀರಿಗೆ ಕರಗಿಸಬೇಕು?

ದುರ್ಗಿಗುಡಿ ಅಮ್ಮ
ಆಗುಂಬೆಯವರೇ, ಆ ಶಿವನೆ ಕಡ್ಡಿ 4 ಎಂಎಂ ಮಾಡಿಕೊಡುತ್ತಾರಾ? ನನ್ನ ಹೆಬ್ಬೆರಳು ಸ್ಟೀಲ್ ಕಡ್ಡಿ ಹಿಡಿದು ನೋಯುತ್ತಿದೆ.

ಆಗುಂಬೆ ಮಳೆ
ಕೇಳಿ ಹೇಳುತ್ತೇನೆ ಅಮ್ಮ. 4ಕ್ಕಿಂತ ಸಣ್ಣದು ಮಾಡಿದರೆ ಕೊಕ್ಕೆಯ ಹತ್ತಿರ ಮುರಿಯುತ್ತದೆ ಅಂದಿದ್ದರು.