ಎರಡು ದಿನದ ಬೆಂಗಳೂರು: ತುಮಕೂರಿನಿಂದ ಹೋಗಿಬಂದವರ ಮಾತು

ಕೇಳಿದವರು: ಎಸ್.ಎಸ್. ಪುರಂನ ಗೃಹಿಣಿ

ದಸರಾ ರಜೆಗೆ ನನ್ನ ನಾದಿನಿ ಬೀದರ್‌ನಿಂದ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾಳೆ. ದೊಡ್ಡವನು ಆರನೇ ತರಗತಿ, ಚಿಕ್ಕವಳು ಎರಡನೇ ತರಗತಿ. ಜೊತೆಗೆ ನಮ್ಮ ಅತ್ತೆ. ಅವರಿಗೆ ಮಂಡಿನೋವು, ಆದರೂ ಮನೆಯಲ್ಲಿ ಉಳಿಯುವವರಲ್ಲ. ಒಂದು ಶನಿವಾರ, ಒಂದು ಭಾನುವಾರ ಇವರಿಗೆಲ್ಲ ಬೆಂಗಳೂರು ತೋರಿಸಬೇಕು. ಇಷ್ಟು ಹತ್ತಿರವಿದ್ದರೂ ನಾವು ಅಲ್ಲಿಗೆ ಹೋಗುವುದು ಆಸ್ಪತ್ರೆಗೆ, ಮದುವೆ ಜವಳಿಗೆ, ಇಲ್ಲವೇ ಯಾರದೋ ಪರೀಕ್ಷೆಗೆ. ಸುಮ್ಮನೆ ನೋಡಲೆಂದು ಹೋದದ್ದೇ ಇಲ್ಲ. ಏನು ನೋಡಬೇಕು, ಏನು ಬಿಡಬೇಕು? ರಾತ್ರಿ ಅಲ್ಲೇ ಉಳಿಯಬೇಕೋ, ಮನೆಗೆ ಬರಬೇಕೋ? ಕಾರಿದೆ, ಆದರೆ ಯಜಮಾನರಿಗೆ ಬೆಂಗಳೂರಿನಲ್ಲಿ ಓಡಿಸಲು ಮನಸ್ಸಿಲ್ಲ.

ಕ್ಯಾತ್ಸಂದ್ರದ ನಿತ್ಯ ಪ್ರಯಾಣಿಕ

ಯಜಮಾನರ ಮನಸ್ಸು ಸರಿಯಾಗಿಯೇ ಇದೆ, ಅಮ್ಮ. ಕಾರನ್ನು ಮನೆಯಲ್ಲೇ ಬಿಡಿ. ನಾನು ಕೆಲಸದ ಕಾರಣಕ್ಕೆ ವರ್ಷಗಟ್ಟಲೆ ದಿನವೂ ಓಡಾಡಿದವನು. ಬೆಂಗಳೂರು ನೋಡಲು ಹೋಗುವವರು ಸುಸ್ತಾಗುವುದು ನೋಡಿ ಅಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ. ಬೆಳಿಗ್ಗೆ ಬನ್ನೇರುಘಟ್ಟ, ಮಧ್ಯಾಹ್ನ ವಿಧಾನಸೌಧ, ಸಂಜೆ ಇಸ್ಕಾನ್ ಎಂದು ಪಟ್ಟಿ ಬರೆದುಕೊಂಡು ಹೋದವರು ನೋಡಿ ಬರುವುದು ಸಿಗ್ನಲ್ ದೀಪಗಳನ್ನು ಮಾತ್ರ. ದಿನಕ್ಕೊಂದು ದಿಕ್ಕು ಇಟ್ಟುಕೊಳ್ಳಿ.

ನಮ್ಮ ಊರಿನವರಿಗೆ ಒಂದು ಅನುಕೂಲವಿದೆ. ಮೆಟ್ರೊದ ಹಸಿರು ಮಾರ್ಗ ತುಮಕೂರು ರಸ್ತೆಯ ಉದ್ದಕ್ಕೂ ಬರುತ್ತದೆ. 2024ರ ನವೆಂಬರ್‌ನಲ್ಲಿ ಅದು ನಾಗಸಂದ್ರದಿಂದ ಮಾದಾವರದವರೆಗೆ ಬೆಳೆದಿದೆ. ಬಸ್ಸಿನಲ್ಲಿ ಹೋದರೆ ಮೆಜೆಸ್ಟಿಕ್‌ವರೆಗೆ ಕೂರಬೇಡಿ. ಗೊರಗುಂಟೆಪಾಳ್ಯದಲ್ಲಿ ಇಳಿದರೆ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ. ರೈಲಿನಲ್ಲಾದರೆ ಯಶವಂತಪುರದಲ್ಲಿ ಇಳಿಯಬಹುದು, ಆದರೆ ಅತ್ತೆಯವರ ಮಂಡಿಗೆ ರೈಲು ನಿಲ್ದಾಣದ ಮೇಲ್ಸೇತುವೆಗಿಂತ ಬಸ್ಸೇ ವಾಸಿ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ.

ಈ ಹಸಿರು ಮಾರ್ಗದಲ್ಲೇ ನಿಮ್ಮ ಒಂದು ಇಡೀ ದಿನ ಕಳೆಯುತ್ತದೆ. ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿದರೆ ಇಸ್ಕಾನ್ ದೇವಸ್ಥಾನ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಟಿಪ್ಪುವಿನ ಬೇಸಿಗೆ ಅರಮನೆ, ಅದರ ಪಕ್ಕದಲ್ಲೇ ಕೋಟೆ ವೆಂಕಟರಮಣನ ಗುಡಿ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಬಸವನಗುಡಿ, ಮುಂದಿನ ನಿಲ್ದಾಣ ಲಾಲ್‌ಬಾಗ್. ಇನ್ನೊಂದು ದಿನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಪೂರ್ವಕ್ಕೆ ಹೋಗಿ: ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ. ಮೆಜೆಸ್ಟಿಕ್‌ನಲ್ಲಿ ಎರಡು ಮಾರ್ಗಗಳೂ ಬೇರೆ ಬೇರೆ ಅಂತಸ್ತಿನಲ್ಲಿವೆ, ಜನ ಸಾಗರದಂತೆ ಹರಿಯುತ್ತಾರೆ. ಅಲ್ಲಿ ಚಿಕ್ಕವಳ ಕೈ ಬಿಡಬೇಡಿ.

ಭಾನುವಾರ ಮೆಟ್ರೊ ಬೆಳಿಗ್ಗೆ 7ಕ್ಕೆ ಶುರುವಾಗುತ್ತದೆ, ಅದಕ್ಕೆ ಮೊದಲೇ ಹೋಗಿ ನಿಲ್ಲಬೇಡಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಮೆಟ್ರೊಗೆ ಅದು ಅನ್ವಯಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರವನ್ನೂ ಏರಿಸಿದರು, ದೂರದ ಪ್ರಯಾಣಕ್ಕೆ ಒಬ್ಬರಿಗೆ 90 ರೂಪಾಯಿವರೆಗೆ ಆಗುತ್ತದೆ. ಐದಾರು ಜನರಿಗೆ ಹೋಗಿಬರುವ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಟಿಕೆಟ್ ಕಿಟಕಿಯ ಮುಂದೆ ಯಜಮಾನರ ಮುಖ ಕೆಡುವುದಿಲ್ಲ.

ಬಟವಾಡಿಯ ತಾಯಿ, ಇಬ್ಬರು ಮಕ್ಕಳು

ಅಕ್ಕ, ಮಕ್ಕಳ ವಿಷಯ ನನಗೆ ಬಿಡಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಿ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. 1962ರಲ್ಲಿ ಶುರುವಾದ ಜಾಗ, ಹೊರಗಿನಿಂದ ನೋಡಿದರೆ ಹಳೆಯ ಸರ್ಕಾರಿ ಕಟ್ಟಡ. ಒಳಗೆ ಮಕ್ಕಳು ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಹಿಡಿ ತಿರುಗಿಸಿದರೆ ದೀಪ ಹತ್ತುತ್ತದೆ, ಡೈನೋಸಾರ್ ತಲೆಯಾಡಿಸಿ ಗರ್ಜಿಸುತ್ತದೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯೂ ಇದೆ. ನನ್ನ ಮಗ ಅದರ ಕೆಳಗೆ ನಿಂತು, ಇದರಲ್ಲಿ ಸೀಟು ಎಲ್ಲಿ ಎಂದು ಕೇಳಿದ. ಮಲಗಿಕೊಂಡು ಹಾರಿಸುತ್ತಿದ್ದರು ಎಂದರೆ ನಂಬಲೇ ಇಲ್ಲ.

ಆರನೇ ತರಗತಿಯವನಿಗೆ ಅರ್ಧ ದಿನವೂ ಸಾಲದು. ಎರಡನೇ ತರಗತಿಯವಳು ಎರಡು ಗಂಟೆಯ ಮೇಲೆ ಹಸಿವು ಎನ್ನುತ್ತಾಳೆ. ಆಗ ಅವಳನ್ನೂ ಅತ್ತೆಯವರನ್ನೂ ಪಕ್ಕದ ಕಬ್ಬನ್ ಪಾರ್ಕಿನ ನೆರಳಿನಲ್ಲಿ ಕೂರಿಸಿ. ಬುತ್ತಿ ಕಟ್ಟಿಕೊಂಡು ಹೋಗಿದ್ದರೆ ಇನ್ನೂ ಒಳ್ಳೆಯದು. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮಕ್ಕಳು ಓಡಿದರೂ ಭಯವಿಲ್ಲ. ಹಾಗಾಗಿ ಈ ದಿಕ್ಕನ್ನು ಭಾನುವಾರಕ್ಕೇ ಇಟ್ಟುಕೊಳ್ಳಿ.

ನೆಹರು ತಾರಾಲಯವೂ ಅದೇ ಭಾಗದಲ್ಲಿದೆ, ಆಟೊ ಬೇಕಾಗುತ್ತದೆ. ಕನ್ನಡ ಪ್ರದರ್ಶನದ ವೇಳೆಯನ್ನು ಮೊದಲೇ ನೋಡಿಕೊಂಡು ಹೋಗಿ. ಸೋಮವಾರ ರಜೆ. ಕತ್ತಲಲ್ಲಿ ಒರಗುವ ಕುರ್ಚಿ ಇರುವುದರಿಂದ ನಿಮ್ಮ ಅತ್ತೆ ನಿದ್ದೆ ಮಾಡಬಹುದು. ನಮ್ಮ ಅತ್ತೆ ಮಾಡಿದರು, ಹೊರಗೆ ಬಂದು ಬಹಳ ಚೆನ್ನಾಗಿತ್ತು ಎಂದರು.

ಮಧುಗಿರಿಯ ಯುವಕ

ಎಲ್ಲರೂ ಲಾಲ್‌ಬಾಗ್ ಎನ್ನುತ್ತೀರಿ. ಗಾಜಿನ ಮನೆ ನೋಡಲು ಬೆಂಗಳೂರಿಗೆ ಏಕೆ ಹೋಗಬೇಕು? ತುಮಕೂರಿನ ಅಮಾನಿಕೆರೆಯಲ್ಲೇ ಒಂದಿದೆ. ಇನ್ನು ಲಾಲ್‌ಬಾಗಿನ ಬಂಡೆ ಎಂದರೆ, ನಮ್ಮ ಏಕಶಿಲಾ ಬೆಟ್ಟದ ಮುಂದೆ ಅದನ್ನು ಬಂಡೆ ಎನ್ನುವುದೇ ಮುಜುಗರ. ಮಕ್ಕಳಿಗೆ ಬಿಡದಿಯ ವಂಡರ್‌ಲಾ ತೋರಿಸಿ. ಬಿಟ್ಟರೆ ಬನ್ನೇರುಘಟ್ಟ.

ಗುಬ್ಬಿಯ ನಿವೃತ್ತ ಮೇಷ್ಟರು

ಮಧುಗಿರಿಯವರೇ, ಎತ್ತರದಲ್ಲಿ ನೀವು ಗೆದ್ದಿರಿ, ವಯಸ್ಸಿನಲ್ಲಿ ಸೋತಿರಿ. ಸಾವನದುರ್ಗ, ಶಿವಗಂಗೆಗಳಿಂದ ನಿಮ್ಮೂರಿನ ಕಡೆಗೆ ಬರುವ ಗ್ರಾನೈಟ್ ಸಾಲಿಗೆ ಸುಮಾರು 250 ಕೋಟಿ ವರ್ಷ. ಲಾಲ್‌ಬಾಗಿನ ಆ ಬೋಳು ಬಂಡೆಗೆ ಸುಮಾರು 300 ಕೋಟಿ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದ್ದಾರೆ, ಆದರೆ ಬರುವವರು ಅದಕ್ಕೇ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆರನೇ ತರಗತಿಯ ಹುಡುಗನಿಗೆ ಆ ಫಲಕವನ್ನು ಓದಿಸಿ. ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ, ಊರು ಎಲ್ಲಿಯವರೆಗೆ ಬೆಳೆದಿದೆ ಎಂಬುದು ಅಲ್ಲಿ ನಿಂತರೆ ಕಾಣುತ್ತದೆ.

ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಈಗ 240 ಎಕರೆ. 1889ರ ಗಾಜಿನ ಮನೆ ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನ ನಿಮಗೆ ದಸರೆಯಲ್ಲಿ ಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯದೇ, ಪ್ರದರ್ಶನದ ಹೊತ್ತಿನಲ್ಲಿ ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ಮರ ನೋಡಲು ಬೆಳಿಗ್ಗೆ ಬೇಗ ಹೋಗಿ. ನಡೆಯಲಾಗದವರಿಗೆ ಒಳಗೆ ಬ್ಯಾಟರಿ ವಾಹನವಿದೆ.

ಅಲ್ಲಿಂದ ಬಸವನಗುಡಿಗೆ ಆಟೊ ಹಿಡಿಯಿರಿ. ದೊಡ್ಡ ಗಣಪತಿಯ ದರ್ಶನಕ್ಕೆ ಅಜ್ಜಿಯವರು ಮೆಟ್ಟಿಲು ಹತ್ತಬೇಕಾಗಿಲ್ಲ. ಬಸವಣ್ಣನ ಗುಡಿ ಮೇಲಿದೆ, ಅಲ್ಲಿಗೆ ಮಕ್ಕಳು ಹೋಗಿ ಬರಲಿ. ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ, ಅದಕ್ಕಾಗಿ ಇನ್ನೊಮ್ಮೆ ಹೋಗಬೇಕು. ಆದರೆ ನವರಾತ್ರಿಯಲ್ಲಿ ಹೋಗುವವರಿಗೆ ಬೇರೊಂದು ಲಾಭವಿದೆ. ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಪರಿಚಯದವರಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಅತ್ತೆಯವರಿಗೆ ಯಾವ ಅರಮನೆಗಿಂತಲೂ ಅದೇ ಇಷ್ಟವಾದೀತು, ಮಕ್ಕಳಿಗೆ ಚರುಪೂ ಸಿಗುತ್ತದೆ.

ಕುಣಿಗಲ್‌ನ ಕಾರು ಚಾಲಕ

ಬನ್ನೇರುಘಟ್ಟದ ಬಗ್ಗೆ ಒಂದು ಮಾತು. ಅದು ನಮ್ಮ ದಿಕ್ಕಿಗೆ ಪೂರ್ತಿ ವಿರುದ್ಧ, ಊರಿನ ದಕ್ಷಿಣದ ಅಂಚು. ಊರೊಳಗಿನಿಂದ ಹೋದರೆ ಮಕ್ಕಳು ಹುಲಿ ನೋಡುವ ಮೊದಲೇ ವಾಂತಿ ಮಾಡಿಕೊಳ್ಳುತ್ತಾರೆ. ಹೋಗುವುದೇ ಆದರೆ ಕಾರು ಬೇಕಾಗುವುದು ಈ ಒಂದಕ್ಕೆ ಮಾತ್ರ. ತುಮಕೂರು ರಸ್ತೆಯಲ್ಲಿ ಮಾದಾವರದ ಹತ್ತಿರ ನೈಸ್ ರಸ್ತೆಗೆ ಹೊರಳಿದರೆ ಮಾಗಡಿ ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆ ಎಲ್ಲವನ್ನೂ ದಾಟಿ ನೇರವಾಗಿ ಬನ್ನೇರುಘಟ್ಟ ರಸ್ತೆಯಲ್ಲಿ ಇಳಿಯುತ್ತೀರಿ. ಟೋಲ್ ಕೊಡಬೇಕು, ಕೊಡಿ. ಬಿಡದಿಗೆ ಹೋಗುವವರೂ ಇದೇ ರಸ್ತೆ ಹಿಡಿದು ಮೈಸೂರು ರಸ್ತೆಯಲ್ಲಿ ಇಳಿಯಬಹುದು. ಮೃಗಾಲಯಕ್ಕೆ ಮಂಗಳವಾರ ರಜೆ. ಸಫಾರಿಗೆ ಬೆಳಿಗ್ಗೆಯೇ ಸರದಿ ಸೇರಿಕೊಳ್ಳಿ, ಮಧ್ಯಾಹ್ನದ ಬಿಸಿಲಿನಲ್ಲಿ ಹುಲಿಗೂ ನಿಮ್ಮನ್ನು ನೋಡುವ ಉತ್ಸಾಹ ಇರುವುದಿಲ್ಲ. ಸಫಾರಿ ಬಸ್ಸಿನಲ್ಲಿ ಕುಳಿತೇ ನೋಡುವುದರಿಂದ ಮಂಡಿನೋವಿನವರಿಗೆ ತೊಂದರೆಯಿಲ್ಲ. ಚಿಟ್ಟೆ ಉದ್ಯಾನದಲ್ಲಿ ಮಾತ್ರ ನಡೆಯಬೇಕು. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ವಂಡರ್‌ಲಾ ದೊಡ್ಡ ಮಕ್ಕಳಿಗೆ ಸರಿ. ಅಜ್ಜಿ ಅಲ್ಲಿ ಇಡೀ ದಿನ ಚಪ್ಪಲಿ ಕಾಯಬೇಕಾಗುತ್ತದೆ.

ಬಿ.ಎಚ್. ರಸ್ತೆಯ ಜವಳಿ ವ್ಯಾಪಾರಿ

ಚಿಕ್ಕಪೇಟೆಗೆ ಹೋಗಬೇಡಿ. ನಾನೇ ಹೇಳುತ್ತಿದ್ದೇನೆ, ನಂಬಿ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವ ಜಾಗವಲ್ಲ ಅದು. ಸೀರೆ ನೋಡಲು ಕುಳಿತರೆ ದಿನ ಮುಗಿಯುತ್ತದೆ.

ತಿಪಟೂರಿನ ರಂಗಾಸಕ್ತೆ

ಯಾರೂ ನಾಟಕದ ಹೆಸರೆತ್ತಲಿಲ್ಲ! 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದು. ರಂಗದ ಮೇಲೆ ಆನೆ ತಂದು ನಿಲ್ಲಿಸಿದ ವೀರಣ್ಣನವರ ಊರಿನ ಪಕ್ಕದವರು ಬೆಂಗಳೂರಿಗೆ ಹೋಗಿ ಮಾಲ್ ಸುತ್ತಿ ಬಂದರೆ ನನಗೆ ಸಿಟ್ಟು ಬರುತ್ತದೆ. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ನಾಟಕಗಳು ನಡೆಯುತ್ತಿವೆ. ಸೋಮವಾರ ಬಿಡುವು. ಅಲ್ಲಿ ಒಂದು ಕಟ್ಟುನಿಟ್ಟಿದೆ: ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುತ್ತಾರೆ, ತಡವಾಗಿ ಬಂದವರು ಯಾರೇ ಆಗಿರಲಿ ಒಳಗೆ ಬಿಡುವುದಿಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರವೂ ಇದೆ. ಅದರ ಹಿಂದಿನ ಸಂಸ ಬಯಲು ರಂಗಮಂದಿರದಲ್ಲಿ ಏನಾದರೂ ನಡೆಯುತ್ತಿದ್ದರೆ ಆಕಾಶದ ಕೆಳಗೆ ಕುಳಿತು ನೋಡಬಹುದು. ಆ ವಾರ ಯಾವ ನಾಟಕ, ಯಾವ ವಯಸ್ಸಿನವರಿಗೆ ಎಂಬುದನ್ನು ಮೊದಲು ವಿಚಾರಿಸಿ.

ನಾಟಕ ನೋಡುವುದಾದರೆ ರಾತ್ರಿ ಅಲ್ಲೇ ಉಳಿಯಿರಿ. ಗಾಂಧಿನಗರದಲ್ಲಿ ಎಲ್ಲ ದರದ ವಸತಿಗೃಹಗಳೂ ಇವೆ.

ಕ್ಯಾತ್ಸಂದ್ರದ ನಿತ್ಯ ಪ್ರಯಾಣಿಕ

ತಿಪಟೂರಿನ ಅಮ್ಮನವರ ಮಾತನ್ನು ಉಳಿಯುವ ವಿಷಯದಲ್ಲಿ ಒಪ್ಪಲಾರೆ. 70 ಕಿಲೋಮೀಟರ್ ದೂರದಲ್ಲಿ ಸ್ವಂತ ಹಾಸಿಗೆ ಇರುವಾಗ ಎರಡು ಕೋಣೆಗೆ ಬಾಡಿಗೆ ಏಕೆ? ಹುಬ್ಬಳ್ಳಿ, ದಾವಣಗೆರೆ ಕಡೆಗೆ ಹೋಗುವ ಬಸ್ಸುಗಳು ರಾತ್ರಿಯೆಲ್ಲ ನಮ್ಮ ರಸ್ತೆಯಲ್ಲೇ ಓಡುತ್ತವೆ. ಇನ್ನೊಂದು ಗುಟ್ಟು: ವಾರಾಂತ್ಯದಲ್ಲಿ ಬೆಂಗಳೂರಿನವರು ಶನಿವಾರ ಬೆಳಿಗ್ಗೆ ಹೊರಗೆ ಬರುತ್ತಾರೆ, ಭಾನುವಾರ ಸಂಜೆ ಒಳಗೆ ಹೋಗುತ್ತಾರೆ. ನೀವು ಎರಡು ಸಲವೂ ಅವರಿಗೆ ಎದುರು. ನೆಲಮಂಗಲದ ದಟ್ಟಣೆಯನ್ನು ಪಕ್ಕದ ರಸ್ತೆಯಲ್ಲಿ ನೋಡುತ್ತಾ ಹೋಗಬಹುದು.

ಒಂದೇ ಒಂದು ವಿನಂತಿ. ಬೆಂಗಳೂರಿನಲ್ಲಿ ಏನು ಬೇಕಾದರೂ ತಿನ್ನಿ, ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆಗೆ ಸಾಲಿನಲ್ಲಿ ನಿಲ್ಲಿ. ತಟ್ಟೆ ಇಡ್ಲಿಯನ್ನು ಮಾತ್ರ ಅಲ್ಲಿ ಕೇಳಬೇಡಿ, ಅದಕ್ಕೆ ನಮ್ಮ ಕ್ಯಾತ್ಸಂದ್ರವೇ ಇದೆ.

ಎಸ್.ಎಸ್. ಪುರಂನ ಗೃಹಿಣಿ

ಎಲ್ಲರ ಮಾತನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬನ್ನೇರುಘಟ್ಟ ಕೈಬಿಟ್ಟೆವು, ಮಕ್ಕಳು ಮುಖ ಊದಿಸಿಕೊಂಡಿದ್ದಾರೆ. ಶನಿವಾರ ಲಾಲ್‌ಬಾಗ್, ದೋಸೆ, ಬಸವನಗುಡಿ, ಪರಿಚಯದ ಮನೆಯೊಂದರಲ್ಲಿ ಗೊಂಬೆ. ಭಾನುವಾರ ವಸ್ತುಸಂಗ್ರಹಾಲಯ, ಕಬ್ಬನ್ ಪಾರ್ಕ್. ನಾಟಕ ನಾನೊಬ್ಬಳೇ ಇನ್ನೊಮ್ಮೆ ಹೋಗಿ ನೋಡುತ್ತೇನೆ. ಅತ್ತೆಯವರು ವಿಧಾನಸೌಧದ ಒಳಗೆ ಹೋಗಬೇಕು ಎನ್ನುತ್ತಿದ್ದಾರೆ, ಬಿಡುತ್ತಾರೆಯೇ?

ಗುಬ್ಬಿಯ ನಿವೃತ್ತ ಮೇಷ್ಟರು

ಬಿಡುತ್ತಾರೆ. 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆಯವರು ಭಾನುವಾರಗಳಲ್ಲೂ ಎರಡನೇ, ನಾಲ್ಕನೇ ಶನಿವಾರಗಳಲ್ಲೂ ಸಾರ್ವಜನಿಕರಿಗೆ ಒಳಗೆ ತೋರಿಸುವ ವ್ಯವಸ್ಥೆ ಮಾಡಿದ್ದಾರೆ. ದೊಡ್ಡವರಿಗೆ ತಲೆಗೆ 50 ರೂಪಾಯಿ ಎಂದು ನಿಗದಿಯಾಗಿತ್ತು. ಅಂತರಜಾಲದಲ್ಲಿ ಮೊದಲೇ ಕಾಯ್ದಿರಿಸಬೇಕು, ತಂಡತಂಡವಾಗಿ ಬಿಡುತ್ತಾರೆ, ಗುರುತಿನ ಚೀಟಿ ಇಟ್ಟುಕೊಂಡಿರಿ. ಮೆಟ್ಟಿಲು ಬಹಳ, ಅದನ್ನು ಅತ್ತೆಯವರಿಗೆ ಈಗಲೇ ಹೇಳಿ. ಹಬ್ಬದ ರಜೆಯಲ್ಲಿ ವೇಳೆ ಬದಲಾಗಬಹುದು, ಕಾಯ್ದಿರಿಸುವಾಗ ನೋಡಿಕೊಳ್ಳಿ. ಒಳಗೆ ಹೋಗಲು ಆಗದಿದ್ದರೆ ಭಾನುವಾರ ಸಂಜೆ ದೀಪ ಹಾಕುವವರೆಗೆ ಎದುರಿನ ಪಾದಚಾರಿ ಹಾದಿಯಲ್ಲಿ ನಿಲ್ಲಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಕಟ್ಟಡ ಹೊರಗಿನಿಂದಲೇ ಹೆಚ್ಚು ಚೆನ್ನ.

ಬಟವಾಡಿಯ ತಾಯಿ, ಇಬ್ಬರು ಮಕ್ಕಳು

ಅಕ್ಕ, ದಸರೆಯ ಹೊತ್ತಿಗೆ ಸಂಜೆ ಮಳೆ ಖಂಡಿತ. ಕೊಡೆ ಮರೆಯಬೇಡಿ, ಮೋಡ ಕಟ್ಟಿದ ಕೂಡಲೇ ಮೆಟ್ರೊ ನಿಲ್ದಾಣ ಸೇರಿಕೊಳ್ಳಿ. ಮಳೆ ಹಿಡಿದ ಮೇಲೆ ಆಟೊದವರು ಮೀಟರ್ ಮುಟ್ಟುವುದಿಲ್ಲ. ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ಹೆಚ್ಚಾಗಿ ಇಟ್ಟುಕೊಳ್ಳಿ, ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿಯನ್ನು ಚಿಕ್ಕವಳ ಜೇಬಿನಲ್ಲಿ ಹಾಕಿ.