ಸಣ್ಣ ಗೇಮಿನೊಳಗಿನ ಮಂದಿ ತಲ್ಯಾಗಿಂದ ಇಳಿಯವಲ್ರು, ಮುಂದ ಯಾವುದು ಆಡ್ಲಿ?

ಅಣ್ಣಿಗೇರಿ ಸ್ಟಾಪ್:

ನಮಸ್ಕಾರ್ರಿ. ನಾ ಗದಗ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಗೇಮ್ ಅಂದ್ರ ನನಗ ಫೋನಿನಾಗ ಕಾರ್ ಓಡಸೂದು, ಅಷ್ಟ. ಹೋದ ದೀಪಾವಳಿಗೆ ಅಕ್ಕನ ಮಗ ತನ್ನ ಹಳೇ ಲ್ಯಾಪ್‌ಟಾಪ್ ನನ್ನ ಕೊಳ್ಳಿಗೆ ಹಾಕಿ ಬೆಂಗಳೂರಿಗೆ ಹೋದ. ಅದರಾಗ ‘ಪೇಪರ್ಸ್, ಪ್ಲೀಸ್’ ಅಂತ ಒಂದಿತ್ತು. “ಮಾಮಾ, ಇದು ನಿಮ್ಮ ಡ್ಯೂಟಿನ ಐತಿ, ಆಡ್ರಿ” ಅಂದ.

ಖರೇನ ನನ್ನ ಡ್ಯೂಟಿ. ಆರ್ಸ್ಟೋಟ್ಸ್ಕಾ ಅನ್ನೂ ಇಲ್ಲದ ದೇಶ, 1982ನೇ ಇಸ್ವಿ, ಗಡಿ ಮ್ಯಾಲೆ ಡಬ್ಬಿಯಂಥಾ ಒಂದು ಆಫೀಸು. ಮಂದಿ ಪಾಳಿ ಹಚ್ಚಿ ಬರ್ತಾರ. ಪಾಸ್‌ಪೋರ್ಟ್ ನೋಡೂದು, ತಾರೀಖು ನೋಡೂದು, ಫೋಟೋಕ್ಕ ಮಾರಿ ತಾಳಿ ಹಾಕೂದು, ಠಸ್ ಅಂತ ಸಿಕ್ಕಾ ಒತ್ತೂದು. ತಪ್ಪಿದ್ರ ಮಷೀನಿಂದ ಕರ್ರ್ ಅಂತ ಮೆಮೊ ಬರ್ತೈತಿ. ಮೊದಲಿನ ಎರಡಕ್ಕ ಮಾಫಿ, ಮೂರನೇದಕ್ಕ ಪಗಾರದಾಗ ಕಟ್. ಮನಿಯಾಗ ಹೆಂಡ್ತಿ, ಮಗ, ಅತ್ತಿ, ಕಾಕಾ. ದಿನಾ ರಾತ್ರಿ ಊಟಕ್ಕ ರೊಕ್ಕ ಕೊಡ್ಲೋ, ಮನಿ ಬೆಚ್ಚಗ ಇಡ್ಲೋ ಅನ್ನೂ ಲೆಕ್ಕ. ಆ ಕರ್ರ್ ಸಪ್ಪಳ ಕೇಳಿದ್ರ ನನಗ ಹುಲಕೋಟಿ ದಾಟಿದ ಮ್ಯಾಲೆ ಚೆಕಿಂಗ್‌ನವ್ರು ಕೈ ಮಾಡಿ ಬಸ್ಸು ನಿಂದ್ರಿಸಿದಂಗ ಆಕ್ಕೈತಿ.

ನಾ ಹೇಳಾಕ ಬಂದದ್ದು ಅದರಾಗಿನ ಜಾರ್ಜಿ ಅನ್ನೂ ಮುದುಕನ ಸುದ್ದಿ. ಮೊದಲ ಖಾಲಿ ಕೈಲೆ ಬಂದ. ವಾಪಸ್ ಕಳಿಸಿದೆ. ಮುಂದಿನ ಸಲ ಕ್ರೇಯಾನ್‌ಲೆ ತಾನ ಬರಕೊಂಡ ಪಾಸ್‌ಪೋರ್ಟ್ ತಂದ, ದೇಶದ ಹೆಸರು ಕೋಬ್ರಾಸ್ತಾನ್! ಮತ್ತ ಕಳಿಸಿದೆ. ಸಿಟ್ಟಿಲ್ಲ, ಬೈಗುಳಿಲ್ಲ, ಆರಾಮ ಹೋದ.

ಇಂಥಾಕಿ ನನ್ನ ಬಸ್ಸಿಗೂ ಒಬ್ಬಾಕಿ ಅದಾಳ. 2023ರ ಜೂನ್‌ನಾಗ ಶಕ್ತಿ ಯೋಜನೆ ಬಂತಲ್ರಿ, ಹೆಣ್ಣಮಕ್ಕಳು ಆಧಾರ್ ತೋರಿಸಿದ್ರ ಶೂನ್ಯ ಟಿಕೆಟ್. ಅಣ್ಣಿಗೇರ್ಯಾಗ ಹತ್ತಿದ ಆಯಿ ಕಾರ್ಡ್ ಕೊಟ್ಟಳು. ನೋಡಿದ್ರ ಇಷ್ಟುದ್ದ ಮೀಸಿ! “ಆಯಿ, ಇದು ಯಾರದು?” “ನಮ್ಮ ಮನಿಯವರದೋ ಯಪ್ಪಾ, ಒಂದ ಮನಿ ಅಲ್ಲೇನು?” ಬಸ್ಸಿಗೆ ಬಸ್ಸ ನಕ್ಕಿತು. ನಾ ಟಿಕೆಟ್ ತಗಸಿದೆ. ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸಿ ಕೊಟ್ಟಳು, ಒಂದು ಮಾತು ಅನ್ಲಿಲ್ಲ. ಎಂಟ ದಿನಕ್ಕ ಮತ್ತ ಅದ ಮೀಸಿ ಕಾರ್ಡ್. ಜಾರ್ಜಿ ಎರಡನೇ ಸಲ ಬಂದಾಗ ನಾ ಒಬ್ಬನ ಕುಂತು “ಬಾ ಆಯಿ” ಅಂದೀನಿ.

2013ರಾಗ ಲೂಕಸ್ ಪೋಪ್ ಅನ್ನಾಂವ ಒಬ್ಬನ ಮಾಡಿದ್ದಂತ ಇದನ್ನ. ಮಾರಿಗೋಳು ಕೊಡ್ಲಿಲೆ ಕೆತ್ತಿದಂಗ ಅದಾವ, ಮಾತು ಒಂದೆರಡು ಸಾಲು. ಅಷ್ಟರಾಗ ಮನಶ್ಯಾನ್ನ ತಂದು ನಿಂದ್ರಸ್ಯಾನ. ಇಂಥವು ಇನ್ನ ಯಾವ ಅದಾವ? 4 ಜಿಬಿ ರ್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ರಾತ್ರಿ ಒಂದ ತಾಸು ಸಿಗತೈತಿ. ಇಂಗ್ಲಿಷ್ ನಿಧಾನಕ ಓದ್ತೀನಿ. ಬಂದೂಕು ಬ್ಯಾಡ.

ಲೈನ್ ಬಜಾರ್ ಪೇಢೆ:

ಕಂಡಕ್ಟರ್ ಸಾಹೇಬ್ರ, ‘ಅಂಡರ್‌ಟೇಲ್’ ಆಡ್ರಿ. 2015ರದು, ಟೋಬಿ ಫಾಕ್ಸ್ ಮಾಡಿದ್ದು, ಸಂಗೀತನೂ ಅವಂದ. ನಿಮ್ಮ ಲ್ಯಾಪ್‌ಟಾಪಿಗೆ ಭಾರ ಆಗೂದಿಲ್ಲ. ಮೈಮ್ಯಾಲೆ ಬಂದವರನ್ನ ಹೊಡೀಲಾರದ ಮಾತಾಡಿಸಿ ಕಳಸಬಹುದು.

ಸುರುವಿಗೇ ಟೋರಿಯೆಲ್ ಸಿಗ್ತಾಳ, ಆಡಿನ ಮಾರಿ ತಾಯಿ. ನಿಮಗೊಂದು ಫೋನ್ ಕೊಟ್ಟು ಹೋಗ್ತಾಳ, ಹಿಂದ ಫೋನ್ ಬಂತು: ನಿನಗ ದಾಲ್ಚಿನ್ನಿ ಸೇರ್ತದೋ, ಬಟರ್‌ಸ್ಕಾಚ್ ಸೇರ್ತದೋ? ಒಂದು ಹೇಳಿದ್ರ ಸ್ವಲ್ಪ ಹೊತ್ತಿಗೆ ಮತ್ತ ಫೋನು: ಇನ್ನೊಂದು ಹಾಕಿದ್ರ ಒಲ್ಲೆ ಅನ್ನೂದಿಲ್ಲಲಾ? ನಾ ಹಾಸ್ಟೆಲ್‌ನಾಗ ಇದ್ದಾಗ ನಮ್ಮವ್ವ ಬುತ್ತಿ ಕಟ್ಟೂ ಮುಂಚೆ ಹಿಂಗ ಮೂರ ಸಲ ಫೋನ್ ಮಾಡ್ತಿದ್ಲು, ಶೇಂಗಾ ಹಿಂಡಿ ಇಡ್ಲೋ ಗುರೆಳ್ಳು ಹಿಂಡಿ ಇಡ್ಲೋ ಅಂತ. ಬಿಚ್ಚಿದ್ರ ಎರಡೂ ಇರ್ತಿದ್ವು. ಆಕಿ ಮನಿ ಬಿಟ್ಟು ಹೊರಡೂ ಮುಂದ ಏನಾಗ್ತದ ಅನ್ನೂದು ನಾ ಹೇಳೂದಿಲ್ಲ.

ಹಳೇ ಹುಬ್ಬಳ್ಳಿ:

ಬ್ಯಾಸರ ಮಾಡ್ಕೋಬ್ಯಾಡ್ರಿ, ಒಬ್ಬಿಬ್ಬರು ಮಾಡಿದ ಸಣ್ಣ ಗೇಮ್ ಅಂದ್ರ ಎಲ್ಲಾ ಎದಿಯಿಂದ ಬಂದದ್ದಲ್ಲ. ಒಂದು ಹಿಟ್ ಆತು ಅಂದ್ರ ಬೆನ್ನ ಹಿಂದ ನಕಲಿನ ಸಂತಿ. ಪೋಪ್‌ನ ಮಾತು ಬ್ಯಾರೆ, ಅಂವ ಮೊದಲ ನಾಟಿ ಡಾಗ್‌ನಂಥಾ ದೊಡ್ಡ ಗೇಮ್ ಕಂಪನ್ಯಾಗ ದುಡದಾಂವ, ಕೈ ಪಳಗಿತ್ತು.

‘ಸ್ಟಾರ್ಡ್ಯೂ ವ್ಯಾಲಿ’ ತಗೋರಿ, ಹಳ್ಳ್ಯಾಗ ಹೊಲಾ ಮಾಡ್ಕೊಂತ ಊರ ಮಂದಿ ಗೆಳೆತನಾ ಮಾಡೂ ಗೇಮ್. ಎರಿಕ್ ಬ್ಯಾರೋನ್ ಒಬ್ಬನ ನಾಲ್ಕೂವರಿ ವರ್ಷ ಕುಂತು ಚಿತ್ರ, ಸಂಗೀತ, ಮಾತು ಎಲ್ಲಾ ಮಾಡಿ 2016ರಾಗ ಬಿಟ್ಟ. ಶೇನ್ ಅಂತ ಒಬ್ಬ ಕುಡುಕ, ಮೊದಲ ಮಾರಿ ಕೊಟ್ಟು ಮಾತಾಡೂದಿಲ್ಲ; ಗೆಳೆತನಾ ಬೆಳದ್ರ ಅವನ ಕೋಳಿ ಪ್ರೀತಿ ಗೊತ್ತಾಗತೈತಿ. ಚಲೋ ಬರದಾನ, ಇಲ್ಲನ್ನಂಗಿಲ್ಲ. ಆದ್ರ ಎರಡನೇ ವರ್ಷಕ್ಕ ಊರ ಮಂದಿ ಅಂದದ್ದ ಅಂತಾರ, ಬಸ್‌ಸ್ಟ್ಯಾಂಡಿನ ಮೈಕ್ ಇದ್ದಂಗ.

ಬ್ಯಾಡಗಿ ಮೆಣಸಿನಕಾಯಿ:

ಅಣ್ಣಾರ, ಫೋನಿನಾಗ ಆಡೂದಾದ್ರ ‘ಫ್ಲಾರೆನ್ಸ್’ ಹಾಕ್ಕೋರಿ. 2018ರದು, ಒಂದ ತಾಸೂ ಹಿಡಿಯೂದಿಲ್ಲ. ಒಬ್ಬ ಹುಡುಗಿ, ಕ್ರಿಶ್ ಅಂತ ಸೆಲ್ಲೊ ಬಾರಸೂ ಹುಡುಗ. ಅವರ ಮಾತು ಬರದು ತೋರಸೂದಿಲ್ಲ, ಮಾತಿನ ಗುಳ್ಳಿಯನ್ನ ತುಣುಕು ತುಣುಕು ಕೂಡಿಸಿ ನೀವ ಜೋಡಸಬೇಕು. ಹೊಸದಾಗಿ ಭೆಟ್ಟಿಯಾದಾಗ ತುಣುಕು ಭಾಳ, ಸಲಿಗಿ ಬೆಳದಂಗ ಕಡಿಮಿ. ನನ್ನ ಲಗ್ನದ ಮಾತುಕತಿ ದಿನಾ ನೆನಪಾತು, ಒಂದು “ಹೂಂ” ಅನ್ನಾಕ ನಮ್ಮವರಿಗೆ ಹತ್ತು ನಿಮಿಷ ಬೇಕಾತು.

2023ರ ‘ವೆಂಬಾ’ನೂ ಐತಿ, ಕೆನಡಾಕ್ಕ ಹೋದ ತಮಿಳು ಮನಿತನದ್ದು. ತಾಯಿಯ ಅಡಗಿ ಪುಸ್ತಕ ಹರದು ಅಕ್ಷರ ಮಾಸಿರತಾವ, ಬಿಟ್ಟುಹೋದದ್ದನ್ನ ಊಹಿಸಿ ಇಡ್ಲಿ ಬೇಯಸಬೇಕು. ಮಗ ಮಾತಿಂದನೂ ಮನಿಯಿಂದನೂ ದೂರ ಸರೀತಾನ. ಅದನ್ನ ನಾ ಒಂದ ಸಲ ಆಡೀನಿ, ಮತ್ತ ತಗದಿಲ್ಲ.

ಅಣ್ಣಿಗೇರಿ ಸ್ಟಾಪ್:

ಎಲ್ಲಾರಿಗೂ ಭಾಳ ಉಪಕಾರ. ಹಳೇ ಹುಬ್ಬಳ್ಳ್ಯಾವರ, ಅಂದದ್ದ ಅಂತಾರ ಅಂದ್ರಿ. ನಾನೂ ದಿನಕ್ಕ ಇನ್ನೂರು ಸಲ “ಚಿಲ್ಲರ ಕೊಡ್ರಿ, ಹಿಂದ ಸರೀರಿ” ಅಂತೀನಿ. ನನ್ನ ಗೇಮಿನಾಗ ಹಾಕಿದ್ರ ನೀವು ಎರಡನೇ ಸ್ಟಾಪಿಗೆ ಇಳದ ಹೋಗ್ತೀರಿ.

ಇನ್ನೊಂದು ಹೇಳೂದು ಬಿಟ್ಟಿದ್ದೆ. ಆ ‘ಪೇಪರ್ಸ್, ಪ್ಲೀಸ್’ ಗಡ್ಯಾಗ ಒಬ್ಬ ಗಂಡ ಬರ್ತಾನ, ಕಾಗದ ಎಲ್ಲಾ ಸರಿ. ಹಿಂದ ಹೆಂಡ್ತಿ, ಆಕಿದು ಪರವಾನಗಿ ಇಲ್ಲ. ನಾ ಬಿಟ್ಟೆ. ಕರ್ರ್ ಅಂತು. ಬಸ್ಸಿನಾಗ ಆಯಿನ್ನ ಬಿಡಲಿಲ್ಲ ನೋಡ್ರಿ, ಇಲ್ಲೆ ಬಿಟ್ಟೆ.

ಅಕ್ಕಾರ, ‘ಫ್ಲಾರೆನ್ಸ್’ ಇವತ್ತ ಹುಬ್ಬಳ್ಳಿ ಸ್ಟ್ಯಾಂಡಿನಾಗ ಸುರು ಮಾಡಿದೆ. ಇಬ್ಬರಿಗೂ ಜಗಳ ಹತ್ತಿದಾಗ ತುಣುಕುಗಳ ಅಂಚು ಚೂಪ ಆದ್ವು. ಡ್ರೈವರ್ ಕಾಕಾ ಹಿಂದಿಂದ ಬಗ್ಗಿ ನೋಡ್ಕೊಂತ ನಿಂತಿದ್ರು. “ಇವ್ರು ಕೂಡ್ತಾರೋ ಇಲ್ಲೋ?” ಅಂದ್ರು. ಗಾಡಿ ಬಿಡ್ರಿ, ಟೈಮ್ ಆತು, ಗದಗ ಮುಟ್ಟಿ ನೋಡೂಣು ಅಂದೆ.